ಮಾಳಿಗೆ ಬಿಚ್ಚಿದ ಮೇಲೆ ಕಂಡ ಖರ್ಚು



ನಿಮ್ಮ ಮನೆಯದೂ ಮಣ್ಣಿನ ಮಾಳಿಗೆಯಾದರೆ, ಮಳೆಗಾಲದ ರಾತ್ರಿ ಎದ್ದು ಕೂತು ಎಲ್ಲೆಲ್ಲಿ ಪಾತ್ರೆ ಇಡಬೇಕೆಂದು ನಿಮಗೆ ಬಾಯಿಪಾಠ ಇರುತ್ತದೆ. ಪಡಸಾಲೆಯ ಮೂಲೆಗೆ ಒಂದು ತಪ್ಪಲೆ, ಅಡುಗೆಮನೆಯ ಒಲೆಯ ಪಕ್ಕಕ್ಕೆ ಒಂದು ಕೊಡ, ಹಿಂಡಿ ಚೀಲದ ಮೇಲೆ ಒಂದು ತಾಡಪತ್ರಿ. ಯರಗೇರಾದ ನಮ್ಮ ಮನೆಯಲ್ಲೂ ಹೀಗೇ ಇತ್ತು. ನನ್ನ ಅತ್ತೆ ಮದುವೆಯಾಗಿ ಬರುವ ಮೊದಲೇ ಕಟ್ಟಿದ ಮೂರಂಕಣದ ಮನೆ ಅದು. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ತೊಲೆ, ಜಂತೆ, ಅದರ ಮೇಲೆ ಮಣ್ಣು. ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನದ ಅಂಕಣ, ಮೂರು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ.

2025ರ ಯುಗಾದಿ ಮುಗಿದ ಮೇಲೆ ಆ ಮನೆಯ ದುರಸ್ತಿಗೆ ಕೈ ಹಾಕಿದೆವು. 2,20,000 ರೂಪಾಯಿಯಲ್ಲಿ, 25 ದಿನದಲ್ಲಿ ಮುಗಿಯುತ್ತದೆ ಎಂದು ಮೇಸ್ತ್ರಿ ಹೇಳಿದ್ದರು. 52 ದಿನ ಹಿಡಿಯಿತು. ಅಂದಾಜಿನಲ್ಲಿ ಇಲ್ಲದ ಖರ್ಚೇ 1,11,000 ರೂಪಾಯಿ ಬಂತು. ಅಂದರೆ ಅಂದಾಜಿನ ಅರ್ಧ! ಆ ಲೆಕ್ಕವನ್ನು ನಾನು ದಿನದಿನವೂ ಹಾಲಿನ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟೆ. ಸಂಘದಲ್ಲಿ ಹಾಲು ಅಳೆಯುವ ಸಾಲಿನಲ್ಲಿ ನಿಂತಾಗ ನಾಲ್ಕೈದು ಮಂದಿ ಅದನ್ನು ಕೇಳಿ ತಿಳಿದುಕೊಂಡರು. ಅವರೇ, ಇದನ್ನು ಬರೆದು ಕೊಡು, ನಮಗೂ ಮುಂದಿನ ವರ್ಷ ಇದೇ ಕೆಲಸ ಇದೆ ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ಸೋರುವುದನ್ನು ಸಹಿಸಿಕೊಂಡು ಇನ್ನೂ ಎರಡು ವರ್ಷ ತಳ್ಳಬಹುದಿತ್ತಲ್ಲ ಎಂದು ಕೆಲವರು ಕೇಳಿದರು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ನಿಮಗೆ ನೆನಪಿರಬೇಕು. ತುಂಗಭದ್ರೆ ಮಂತ್ರಾಲಯದ ಮಠದೊಳಕ್ಕೇ ನುಗ್ಗಿದ ವರ್ಷ ಅದು. ನದಿ ದಂಡೆಯಲ್ಲಿ ಇದ್ದವರಷ್ಟೇ ಕಷ್ಟಪಡಲಿಲ್ಲ. ನದಿಯಿಂದ ದೂರದ ಊರುಗಳಲ್ಲೂ ಬಿಡದೆ ಸುರಿದ ಮಳೆಗೆ ನೆನೆದ ಗೋಡೆ, ಮಾಳಿಗೆ ಕುಸಿದವು. ಮಲಗಿದ್ದವರು ಮಲಗಿದ್ದಲ್ಲೇ ಹೋದರು, ಕಟ್ಟಿದ್ದ ದನ ಕಟ್ಟಿದ್ದಲ್ಲೇ ಹೋದವು. ನಮ್ಮ ಮನೆಯಲ್ಲಿ ಆಗ ಒಂದು ಜಂತೆ ಮುರಿದು, ಕೆಳಗೊಂದು ಕಂಬ ಕೊಟ್ಟು ನಿಲ್ಲಿಸಿದ್ದೆವು. ಆ ಕಂಬ 16 ವರ್ಷ ಅಲ್ಲೇ ಇತ್ತು. ಮಕ್ಕಳು ಅದಕ್ಕೆ ಜೋಕಾಲಿ ಕಟ್ಟಿದ್ದರು!

ಅಂದಾಜು ಮಾಡಿದ ದಿನ

ಮೇಸ್ತ್ರಿ ಬಂದರು, ಪಡಸಾಲೆಯಲ್ಲಿ ನಿಂತು ಮೇಲೆ ನೋಡಿದರು, ಏಣಿ ಹಾಕಿ ಮಾಳಿಗೆ ಹತ್ತಿ ಕುಂಬಿಯ ಬಳಿ ಮಣ್ಣಿನ ದಪ್ಪ ನೋಡಿದರು. ನಮ್ಮ ಯಜಮಾನರ ಜೊತೆ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಅರ್ಧ ಗಂಟೆಯಲ್ಲಿ ಅಂದಾಜು ಮುಗಿಯಿತು. ಮಣ್ಣು ಇಳಿಸಿ, ಕಬ್ಬಿಣದ ಗರ್ಡರ್ ಹಾಕಿ, ಅದರ ಮೇಲೆ ಶಹಾಬಾದ್ ಪರ್ಸಿ ಹಾಸಿ, ಮೇಲೆ ಕಾಂಕ್ರೀಟ್ ಎಳೆಯುವುದು ಅವರ ಯೋಜನೆ. ನಮ್ಮ ಕಡೆ ಈಗ ಬಹಳ ಮಂದಿ ಮಾಡುವುದೂ ಅದನ್ನೇ. ಪೂರ್ತಿ ಆರ್‌ಸಿಸಿ ಹಾಕಿದರೆ ಹಳೆಯ ಮಣ್ಣಿನ ಗೋಡೆ ಭಾರ ತಾಳುತ್ತದೋ ಇಲ್ಲವೋ ಎಂಬ ಹೆದರಿಕೆ, ಬರೀ ತಗಡು ಹಾಕಿದರೆ ಏಪ್ರಿಲ್‌ನಲ್ಲಿ ಒಳಗೆ ಇರಲಾಗದ ಬಿಸಿ. ಆದ್ದರಿಂದ ಇದು ನಡುದಾರಿ.

ಆ ದಿನ ಯಾರೂ ನನ್ನನ್ನು ಏನೂ ಕೇಳಲಿಲ್ಲ, ನನ್ನ ಅತ್ತೆಯನ್ನು ಅಂತೂ ಕೇಳಲೇ ಇಲ್ಲ. ನಾವೂ ಅಡುಗೆಮನೆಯಲ್ಲಿ ಚಹಾ ಕಾಯಿಸುತ್ತ ಸುಮ್ಮನಿದ್ದೆವು. ನಮ್ಮ ತಪ್ಪೂ ಅದರಲ್ಲಿದೆ. ಗೋಡೆ ಎಲ್ಲಿ ಪ್ರತಿ ಶ್ರಾವಣದಲ್ಲಿ ಉಬ್ಬುತ್ತದೆ, ಯಾವ ಜಂತೆಯಿಂದ ಒರಲೆ ಮಣ್ಣು ಉದುರುತ್ತದೆ, ಎಲ್ಲಿ ಸುಣ್ಣ ಹಚ್ಚಿದರೂ ನಿಲ್ಲುವುದಿಲ್ಲ, ನೆಲ ಸಾರಿಸುವಾಗ ಎಲ್ಲಿ ಟೊಳ್ಳು ಸದ್ದು ಬರುತ್ತದೆ ಎಂಬುದು ದಿನಾ ಗುಡಿಸಿ ಸಾರಿಸುವವರಿಗೆ ಗೊತ್ತಿರುತ್ತದೆ. ಆಮೇಲೆ ಬಂದ ಆರು ಹೆಚ್ಚಿನ ಖರ್ಚುಗಳಲ್ಲಿ ನಾಲ್ಕು ನಮ್ಮಿಬ್ಬರಿಗೆ ಮೊದಲೇ ಗೊತ್ತಿದ್ದ ಜಾಗದಿಂದಲೇ ಬಂದವು.

ಮಾಳಿಗೆಯ ಮಣ್ಣು

ಕುಂಬಿಯ ಬಳಿ ಮಣ್ಣು ಮುಕ್ಕಾಲು ಅಡಿ ಇತ್ತು, ಅದನ್ನೇ ಹಿಡಿದು ಲೆಕ್ಕ ಹಾಕಿದ್ದರು. ನಡುವೆ ಗುದ್ದಲಿ ಹಾಕಿದರೆ ಒಂದೂವರೆ ಅಡಿ! ಏಕೆಂದರೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಎಳೆದು ತುಳಿಯುತ್ತಿದ್ದೆವು. ಸೋರಿದಲ್ಲೆಲ್ಲ ಇನ್ನೊಂದು ಬುಟ್ಟಿ ಹಾಕುತ್ತಿದ್ದೆವು. ಹಳೆಯದನ್ನು ಮಾತ್ರ ಯಾರೂ ತೆಗೆಯಲಿಲ್ಲ.

ಒಂದು ಘನ ಅಡಿ ಮಣ್ಣು ಒಣಗಿದ್ದಾಗಲೇ ಸುಮಾರು 45 ಕಿಲೊ ತೂಗುತ್ತದೆ. ನಮ್ಮ ಪಡಸಾಲೆ 10 ಅಡಿ ಅಗಲ, 18 ಅಡಿ ಉದ್ದ. ಒಂದೂವರೆ ಅಡಿ ದಪ್ಪ ಎಂದರೆ 270 ಘನ ಅಡಿ, ಅಂದರೆ 12 ಟನ್. ನೆನೆದರೆ ಇನ್ನೂ ಹೆಚ್ಚು. ಆ 12 ಟನ್ ಕೆಳಗೆ ನಾವು ಹಾಸಿಗೆ ಹಾಸಿ ಮಲಗುತ್ತಿದ್ದೆವು. ಈ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿಮ್ಮ ಮನೆಯದನ್ನೂ ಹೀಗೇ ಲೆಕ್ಕ ಹಾಕಿ: ಉದ್ದ, ಅಗಲ, ದಪ್ಪ ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 45ರಿಂದ ಗುಣಿಸಿ. ದಪ್ಪವನ್ನು ಕುಂಬಿಯ ಬಳಿ ಮಾತ್ರ ನೋಡಬೇಡಿ, ನಡುವೆ ಒಂದು ಕಡೆ ಅಗೆದು ನೋಡಿ. ಅಗೆದ ಕುಣಿಯನ್ನು ಅದೇ ಮಣ್ಣಿನಿಂದ ತುಳಿದು ಮುಚ್ಚಿದರಾಯಿತು.

ಮೂರು ಟ್ರಾಲಿ ಎಂದಿದ್ದ ಮಣ್ಣು ಆರು ಟ್ರಾಲಿ ಆಯಿತು. ಇಳಿಸುವ ಕೂಲಿ, ಸಾಗಣೆ ಸೇರಿ ಹೆಚ್ಚಿಗೆ 9,500. ಹಳೆಯ ಮಾಳಿಗೆ, ಗೋಡೆಯ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ, ಕೇಳುವವರು ಇದ್ದೇ ಇರುತ್ತಾರೆ. ಮೊದಲೇ ಹೇಳಿಟ್ಟರೆ ಅವರೇ ಟ್ರ್ಯಾಕ್ಟರ್ ತಂದು ಒಯ್ಯುತ್ತಾರೆ. ನಾವು ಮೂರು ಟ್ರಾಲಿಯ ಬಾಡಿಗೆ ಕೊಟ್ಟ ಮೇಲೆ ಈ ಬುದ್ಧಿ ಬಂತು.

ಮಣ್ಣು ಇಳಿದ ಮೇಲೆ ತೊಲೆಗಳು ಕಂಡವು. ಕೆಳಗಿನಿಂದ ನೋಡಿದರೆ ಕರ್ರಗೆ, ಗಟ್ಟಿಮುಟ್ಟಾಗಿ ಇದ್ದ ಸಾಗವಾನಿ ತೊಲೆಗಳ ತುದಿ ಗೋಡೆಯೊಳಗೆ ಹೂತಿದ್ದ ಭಾಗ ಪುಡಿಪುಡಿ. ಮರ ಗಾಳಿಯಾಡುವಲ್ಲಿ ಕೆಡುವುದಿಲ್ಲ, ಗೋಡೆಯ ತೇವದಲ್ಲಿ ಮುಚ್ಚಿಕೊಂಡಲ್ಲಿ ಕೆಡುತ್ತದೆ. ತೊಲೆ ಕೂತಿದ್ದ ಕಡೆ ಗೋಡೆಯ ತಲೆಯ ಕಲ್ಲುಗಳೂ ಸಡಿಲವಾಗಿದ್ದವು. ಅದರ ಮೇಲೆ ಗರ್ಡರ್ ಕೂರಿಸಿದರೆ ಆ ಗರ್ಡರಿನ ಭಾರವೆಲ್ಲ ಒಂದೆರಡು ಕಲ್ಲಿನ ಮೇಲೆ ಬೀಳುತ್ತದೆ. ಆದ್ದರಿಂದ ಮೇಲಿನ ಎರಡು ವರಸೆ ಕಲ್ಲು ಬಿಚ್ಚಿ ಕಟ್ಟಿ, ಸುತ್ತಲೂ ಕಂಬಿ ಹಾಕಿದ ಕಾಂಕ್ರೀಟ್ ಪಟ್ಟಿ ಹಾಕಬೇಕಾಯಿತು. 38,000 ರೂಪಾಯಿ. ಎಲ್ಲಕ್ಕಿಂತ ದೊಡ್ಡ ಖರ್ಚು ಇದೇ. ಆದರೆ ಇದೊಂದರ ಬಗ್ಗೆ ನನಗೆ ಹೊಟ್ಟೆಯುರಿ ಇಲ್ಲ. ಮನೆ ನಿಲ್ಲುವುದು ಈ ಪಟ್ಟಿಯ ಮೇಲೆಯೇ.

ಅಂದಾಜಿಗೆ ಮುಂಚೆಯೇ ಇದನ್ನು ಪರೀಕ್ಷಿಸಬಹುದಿತ್ತು. ತೊಲೆ ಗೋಡೆಗೆ ಸೇರುವ ಜಾಗದಲ್ಲಿ ಹಾರೆಯ ತುದಿಯಿಂದ ಚುಚ್ಚಿ ನೋಡುವುದು. ಗಟ್ಟಿ ಇದ್ದರೆ ಹಾರೆ ಪುಟಿಯುತ್ತದೆ, ಕೊಳೆತಿದ್ದರೆ ಹಿಟ್ಟಿಗೆ ಚುಚ್ಚಿದ ಹಾಗೆ ಒಳಹೋಗುತ್ತದೆ. ಕೆಲಸ ಒಪ್ಪಿಸುವ ಮುಂಚೆ ನೀವೇ ಮುಂದೆ ನಿಂತು, ಪ್ರತಿ ತೊಲೆಯ ಎರಡೂ ತುದಿ ಹೀಗೆ ಚುಚ್ಚಿಸಿ. ಒಂದು ಬೆಳಗಿನ ಕೂಲಿ ಹೋಗುತ್ತದೆ, ಅಷ್ಟೇ.

ಹಗೇವು

ಈ ಕಥೆ ಹೇಳಲೇಬೇಕು. ಜಂತೆಗೆ ಕೊಟ್ಟಿದ್ದ ಆ ಹಳೆಯ ಕಂಬ ತೆಗೆದು, ಗರ್ಡರಿಗೆ ಆಧಾರವಾಗಿ ಪಡಸಾಲೆಯ ನಡುವೆ ಒಂದು ಹೊಸ ಕಂಬ ನಿಲ್ಲಿಸಬೇಕಿತ್ತು. ಅದಕ್ಕೆ ಕುಣಿ ತೋಡುತ್ತಿದ್ದರು. ಎರಡಡಿ ಹೋಗುವಷ್ಟರಲ್ಲಿ ಹಾರೆ ಒಂದು ಬಂಡೆಗೆ ಬಡಿಯಿತು. ಕೂಲಿಯವನು ಇನ್ನೊಂದು ಏಟು ಹಾಕಿದ. ಟೊಳ್ಳು ಸದ್ದು. ಮೂಲೆಯಲ್ಲಿ ಕೂತು ಅಲಸಂದಿ ಬಿಡಿಸುತ್ತಿದ್ದ ನಮ್ಮತ್ತೆ ತಲೆ ಎತ್ತದೆ, "ಅಲ್ಲಿ ಹಗೇವು ಅದ" ಎಂದರು. ಎಲ್ಲರೂ ಅವರ ಮುಖ ನೋಡಿದೆವು. "ಮೊದಲೇ ಯಾಕ ಹೇಳಲಿಲ್ಲ?" ಎಂದು ಅವರ ಮಗ ಕೇಳಿದರು. "ಕೇಳಿದವರು ಯಾರು?" ಎಂದರು.

ಹಗೇವು ಎಂದರೆ ನಿಮಗೆ ಗೊತ್ತು, ಜೋಳ ತುಂಬಿ ಬಾಯಿಗೆ ಬಂಡೆ ಹಾಕಿ ಮಣ್ಣು ಮುಚ್ಚುವ ನೆಲದೊಳಗಿನ ಕಣಜ. ಚೀಲ, ಗೋದಾಮು ಬಂದ ಮೇಲೆ ಮುಚ್ಚಿ ಮರೆತವು ನಮ್ಮ ಸೀಮೆಯ ಹಳೆಯ ಮನೆಗಳ ಕೆಳಗೆ, ಅಂಗಳದಲ್ಲಿ, ಬೀದಿಯಲ್ಲಿ ಎಷ್ಟೋ ಇವೆ. ನಮ್ಮದು ಎಂಟಡಿ ಆಳ, ಐದಡಿ ಅಗಲ. ಅದರ ಮೇಲೆ ಕಂಬ ನಿಲ್ಲಿಸಿದ್ದರೆ ಒಂದು ಮಳೆಗಾಲದಲ್ಲಿ ಕಂಬ, ಗರ್ಡರ್, ಪರ್ಸಿ ಎಲ್ಲವೂ ಒಳಗೆ ಹೋಗುತ್ತಿದ್ದವು.

ಇಲ್ಲಿ ಒಂದು ಮಾತು ಬಹಳ ಗಟ್ಟಿಯಾಗಿ ಹೇಳಬೇಕು. ವರ್ಷಾನುಗಟ್ಟಲೆ ಮುಚ್ಚಿದ್ದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಇಳಿದವರು ಕೂಗುವುದಕ್ಕೂ ಆಗದೆ ಬೀಳುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ. ನಮ್ಮ ಕೂಲಿಯವನು ಹಳೆಯ ನಾಣ್ಯ ಸಿಗಬಹುದೆಂದು ಇಳಿಯಲು ಹೊರಟಿದ್ದ. ಅತ್ತೆ ಅವನ ಕೈ ಹಿಡಿದು ಕೂರಿಸಿದರು. ದೀಪ ಇಳಿಸಿ ನೋಡುತ್ತೇವೆ, ಉರಿದರೆ ಇಳಿಯಬಹುದು ಎನ್ನುವವರು ಇದ್ದಾರೆ. ದೀಪ ಉರಿದರೂ ಯಾರನ್ನೂ ಇಳಿಸಬೇಡಿ. ಮೇಲಿನಿಂದಲೇ ಗರಸು ಸುರಿದು, ನೀರು ಬಿಟ್ಟು, ಉದ್ದನೆಯ ಕೋಲಿನಿಂದ ದಿಮ್ಮಿಸಿ ತುಂಬಿಸಬಹುದು. ನಾವು ಹಾಗೇ ಮಾಡಿದೆವು. ಎರಡು ಟ್ರಾಲಿ ಗರಸು ಹಿಡಿಯಿತು. ಕಂಬದ ಜಾಗ ಮೂರಡಿ ಪಕ್ಕಕ್ಕೆ ಸರಿಯಿತು. ಗರಸು, ಕೂಲಿ, ಕಂಬದ ಬುಡಕ್ಕೆ ಅಗಲವಾದ ಅಡಿಪಾಯ ಎಲ್ಲ ಸೇರಿ 14,000.

ನಿಮ್ಮ ಮನೆಯ ನೆಲವನ್ನು ಒನಕೆಯಿಂದ ಕುಟ್ಟುತ್ತ ಒಂದು ಸುತ್ತು ಬನ್ನಿ, ಸದ್ದು ಬದಲಾದಲ್ಲಿ ಗುರುತು ಹಾಕಿ. ಅದಕ್ಕಿಂತ ಮೊದಲು ಮನೆಯ ಹಿರಿಯ ಹೆಂಗಸನ್ನು ಕೇಳಿ.

ಉಪ್ಪೊಡೆಯುವ ಗೋಡೆ

ದನದ ಅಂಕಣ ಮತ್ತು ಪಡಸಾಲೆಯ ನಡುವಿನ ಗೋಡೆ ಮೊಣಕಾಲಿನ ಎತ್ತರದವರೆಗೆ ಯಾವಾಗಲೂ ಬಿಳಿ ಪುಡಿ ಉದುರಿಸುತ್ತಿತ್ತು. ದನಗಳು ಅದನ್ನು ನೆಕ್ಕುತ್ತಿದ್ದವು. ಹತ್ತಾರು ವರ್ಷ ಗಂಜಳ ಇಂಗಿದ ನೆಲದಿಂದ ಉಪ್ಪು ತೇವದ ಜೊತೆ ಗೋಡೆ ಏರುತ್ತದೆ, ನೀರು ಆರಿದ ಮೇಲೆ ಉಪ್ಪು ಹೊರಗೆ ಒಡೆದು ಗಿಲಾವನ್ನು ತಳ್ಳಿ ಬೀಳಿಸುತ್ತದೆ. ಹಿಂದೆ ಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ಇಂಥ ಮಣ್ಣಿನಿಂದಲೇ ತೆಗೆಯುತ್ತಿದ್ದರು.

ಮೇಸ್ತ್ರಿ ಮೊದಲು ಅದಕ್ಕೆ ಸಿಮೆಂಟ್ ಗಿಲಾವು ಬಳಿದರು. 20 ದಿನದಲ್ಲಿ ಅದು ಹಪ್ಪಳದ ಹಾಗೆ ಎದ್ದು ಬಂತು. ಮಣ್ಣಿನ ಗೋಡೆಗೆ ಸಿಮೆಂಟ್ ಹಚ್ಚಿದರೆ ತೇವಕ್ಕೆ ಹೊರಗೆ ಬರಲು ದಾರಿ ಸಿಗದೆ ಇನ್ನೂ ಮೇಲಕ್ಕೆ ಏರುತ್ತದೆ. ಕೊನೆಗೆ ಅದನ್ನು ಕೆತ್ತಿ, ಗೋಡೆಯ ಬುಡದ ಗಂಜಳದ ಮಣ್ಣು ಒಂದಡಿ ತೆಗೆದು ಹೊಸ ಗರಸು ಹಾಕಿ, ಗಂಜಳ ಹರಿದು ಹೊರಗೆ ಹೋಗುವಂತೆ ಕಾಲುವೆ ಮಾಡಿ, ಗೋಡೆಗೆ ಸುಣ್ಣದ ಗಾರೆ ಮಾಡಿಸಿದೆವು. ಎರಡು ಸಲದ ಕೆಲಸ ಸೇರಿ 12,500. ಮೊದಲೇ ಕಾಲುವೆ ಮಾಡಿ ಸುಣ್ಣ ಹಚ್ಚಿದ್ದರೆ ಅರ್ಧದಲ್ಲಿ ಮುಗಿಯುತ್ತಿತ್ತು. ಸುಣ್ಣದ ಗಾರೆಯೂ ಶಾಶ್ವತವಲ್ಲ, ನಾಲ್ಕೈದು ವರ್ಷಕ್ಕೊಮ್ಮೆ ಮುಟ್ಟಬೇಕಾಗುತ್ತದೆ ಎಂದು ಒಬ್ಬ ಹಿರಿಯ ಮೇಸ್ತ್ರಿ ಹೇಳಿದರು. ಇರಲಿ.

ವೈರಿಂಗಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹಳೆಯ ವೈರು ಜಂತೆಗೆ ಮೊಳೆ ಹೊಡೆದು ಎಳೆದದ್ದು, ಮಾಳಿಗೆ ಬಿಚ್ಚಿದರೆ ಅದೂ ಬಿಚ್ಚಲೇಬೇಕು. ಇದು ಯಾರ ಅಂದಾಜಿನಲ್ಲೂ ಇರುವುದಿಲ್ಲ. 21,000 ಆಯಿತು. ಅದರಲ್ಲಿ ಅರ್ತಿಂಗ್ ಮತ್ತು ಇಎಲ್‌ಸಿಬಿ ಸೇರಿದೆ. ದನ ನಿಲ್ಲುವ ಒದ್ದೆ ನೆಲದಲ್ಲಿ ಮನುಷ್ಯರಿಗೆ ಜುಮ್ ಎನ್ನಿಸುವಷ್ಟು ಕರೆಂಟು ದನದ ಜೀವ ತೆಗೆಯಬಹುದು. ಉಳಿತಾಯ ಮಾಡಬೇಕೆಂದರೆ ಬೇರೆ ಕಡೆ ಮಾಡಿ, ಇಲ್ಲಿ ಬೇಡ.

ದನ ಎಲ್ಲಿ ಕಟ್ಟುವುದು

ಅಂದಾಜಿನಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಮನುಷ್ಯರು ಗುಡಿಯ ಕಟ್ಟೆಯ ಮೇಲೆ ಮಲಗಿಯಾದರೂ ತಿಂಗಳು ಕಳೆಯುತ್ತಾರೆ. ದನ? ಮೊದಲ ವಾರ ಬೇವಿನ ಗಿಡದ ಕೆಳಗೆ ಕಟ್ಟಿದೆವು. ಧೂಳು, ಸದ್ದು, ಹೊಸ ಜಾಗ, ಮಧ್ಯಾಹ್ನ ಗಿಡದ ನೆರಳು ಸರಿದ ಮೇಲೆ ಬಿಸಿಲು. ನಮ್ಮದು ಎರಡು ಎಚ್‌ಎಫ್ ಮಿಶ್ರತಳಿ ಹಸು. ದಿನಕ್ಕೆ 14 ಲೀಟರ್ ಹಾಕುತ್ತಿದ್ದ ನಾನು ಒಂಬತ್ತಕ್ಕೆ ಇಳಿದೆ. ನಮ್ಮ ಬಿಸಿಲು ನಿಮಗೆ ಗೊತ್ತಲ್ಲ, 40 ಡಿಗ್ರಿ ದಾಟಿದ ಮೇಲೆ ಎಚ್‌ಎಫ್ ಹಸು ಬಾಯಿ ತೆರೆದು ತೇಕುತ್ತ ನಿಲ್ಲುತ್ತದೆಯೇ ಹೊರತು ಮೇವು ಮುಟ್ಟುವುದಿಲ್ಲ. 40 ದಿನ ಹೀಗೇ ನಡೆಯಿತು. ದಿನಕ್ಕೆ 5 ಲೀಟರಿನಂತೆ 200 ಲೀಟರ್ ಹಾಲು ಹೋಯಿತು. ಇದು ನನ್ನ 1,11,000ದ ಲೆಕ್ಕದಲ್ಲಿ ಸೇರಿಲ್ಲ. ನಿಮ್ಮ ಸಂಘದ ದರದಿಂದ ಗುಣಿಸಿ, ಲೀಟರಿಗೆ 5 ರೂಪಾಯಿಯ ಪ್ರೋತ್ಸಾಹಧನವನ್ನೂ ಸೇರಿಸಿ ನೋಡಿ.

ಎರಡನೆಯ ವಾರ ಹಿತ್ತಲಿನಲ್ಲಿ ಒಂದು ಕೊಟ್ಟಿಗೆ ನಿಲ್ಲಿಸಿದೆವು. ಹಳೆಯ ಜಂತೆಗಳೇ ಕಂಬ, ಮೇಲೆ ಹಳೆಯ ತಗಡು, ಅದರ ಮೇಲೆ ಜೋಳದ ಕಣಕಿ ಹಾಸಿ ಕಟ್ಟಿ, ಪಡುವಣ ಬದಿಗೆ ನೆರಳು ಪರದೆ. ತಗಡು, ಪರದೆ, ನೆಲಕ್ಕೆ ಒರಟು ಕಲ್ಲು, ಗೋದಲಿ ಎಲ್ಲ ಸೇರಿ 16,000. ತಗಡನ್ನು ಹತ್ತಡಿಗಿಂತ ಕೆಳಗೆ ಹಾಕಬೇಡಿ, ಬಿಸಿ ದನದ ಬೆನ್ನಿಗೇ ಬಡಿಯುತ್ತದೆ. ಅಂಟು ಬೆರೆಸಿದ ಸುಣ್ಣವನ್ನು ತಗಡಿನ ಮೇಲೆ ಬಳಿದರೂ ಒಳಗಿನ ಬಿಸಿ ಎಷ್ಟೋ ಇಳಿಯುತ್ತದೆ. ಹಾಲು ಕರೆಯುವ ಹಸು ಬೇಸಿಗೆಯಲ್ಲಿ ದಿನಕ್ಕೆ 60ರಿಂದ 80 ಲೀಟರ್ ನೀರು ಕುಡಿಯುತ್ತದೆ. ಗಾರೆ ಕೆಲಸಕ್ಕೂ ಅದೇ ನಲ್ಲಿಯ ನೀರು ಬೇಕು, ಆದ್ದರಿಂದ ದನಕ್ಕೆ ಬೇರೆ ಡ್ರಮ್ಮು ಇಟ್ಟು ಅದನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ.

ಈ 16,000ವನ್ನು ಮೊದಲ ದಿನವೇ ಖರ್ಚು ಮಾಡಿದ್ದರೆ ಆ 200 ಲೀಟರಿನಲ್ಲಿ ಬಹುಪಾಲು ಉಳಿಯುತ್ತಿತ್ತು. ಮನೆ ಬಿಚ್ಚುವ ಮುಂಚೆ ಕೊಟ್ಟಿಗೆ ಕಟ್ಟಿ, ದನಕ್ಕೆ ಅಲ್ಲಿ ಹತ್ತು ದಿನ ಅಭ್ಯಾಸ ಮಾಡಿಸಿ. ಕರೆಯುವ ಹೊತ್ತು, ಕರೆಯುವ ಕೈ ಬದಲಿಸಬೇಡಿ.

ಕೆಲಸ ನಡೆಯುವ ಮನೆಯಲ್ಲಿ ಕಟ್ಟುತಂತಿಯ ತುಂಡು, ಮೊಳೆ ಎಲ್ಲೆಂದರಲ್ಲಿ ಬೀಳುತ್ತವೆ. ಮೇವಿನ ಜೊತೆ ಒಳಗೆ ಹೋದರೆ ಹೊಟ್ಟೆಯಿಂದ ಚುಚ್ಚಿಕೊಂಡು ಹೃದಯದವರೆಗೂ ಹೋಗುತ್ತವೆ. ಆಗ ಡಾಕ್ಟರ ಕೈಯಲ್ಲೂ ಹೆಚ್ಚೇನೂ ಇರುವುದಿಲ್ಲ. ಮೇವನ್ನು ಕೆಲಸದ ಜಾಗದಿಂದ ದೂರ ಒಟ್ಟಿ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಸಂಜೆ ಅಂಗಳದಲ್ಲಿ ಎಳೆಯಲು ನನ್ನ ಮಗನಿಗೆ ಹೇಳಿದ್ದೆ. ಮೊದಲ ದಿನವೇ ಒಂದು ಹಿಡಿ ಸಿಕ್ಕವು. ಕೆತ್ತಿದ ಹಳೆಯ ಬಣ್ಣದ ಚಕ್ಕೆಗಳಲ್ಲಿ ಸೀಸ ಇರುತ್ತದೆ, ಕರುಗಳು ನೆಕ್ಕುತ್ತವೆ. ಒರಲೆಗೆ ಹೊಡೆಯುವ ಔಷಧ ದನದ ಅಂಕಣದಲ್ಲಿ, ಗೋದಲಿಯ ಹತ್ತಿರ ಬೇಡವೇ ಬೇಡ. ಸುಣ್ಣ ಅರಳಿಸುವ ಕುಣಿಗೆ ಸುತ್ತಲೂ ಮುಳ್ಳು ಇಡಿ.

ಹಸು ಮಾರುವ ಮಾತು

ಮೇ ತಿಂಗಳಲ್ಲೇ ಮಳೆ ಸುರಿಯಿತು. ಪಡಸಾಲೆಗೆ ಪರ್ಸಿ ಬಿದ್ದಿತ್ತು, ಅಡುಗೆಮನೆ ಇನ್ನೂ ಬಯಲು, ಮೇಲೆ ತಾಡಪತ್ರಿ. ಹತ್ತಿ ಮಾರಿದ್ದು, ಚೀಟಿ ಎತ್ತಿದ್ದು ಸೇರಿ ಕೂಡಿಟ್ಟ 2,20,000 ಖಾಲಿ. ಗರ್ಡರ್ ಅಂಗಡಿಯವರು ಬಾಕಿ ಕೇಳುತ್ತಿದ್ದರು. ಆಗ ದಲ್ಲಾಳಿಯೊಬ್ಬ ಬಂದು ನಮ್ಮ ಎರಡನೆಯ ಹಸುವಿಗೆ 52,000 ಕೊಡುತ್ತೇನೆ ಎಂದ. ಐದು ತಿಂಗಳ ಗಬ್ಬದ ಹಸು. ಮನೆಯ ಗಂಡಸರೆಲ್ಲ ಒಪ್ಪಿದರು. "ಹಸು ಮತ್ತ ತರಬಹುದು, ಮನಿ ಬಿದ್ದರ ಏನ್ಮಾಡ್ತಿ?" ಎಂದರು. ಆ ಮಾತಿಗೆ ನನ್ನ ಹತ್ತಿರವೂ ಸುಲಭದ ಉತ್ತರ ಇರಲಿಲ್ಲ.

ಆ ರಾತ್ರಿ ಪುಸ್ತಕ ಹಿಡಿದು ಕೂತೆ. ಆ ಹಸು ಈದ ಮೇಲೆ ಸುಮಾರು 300 ದಿನ, ದಿನಕ್ಕೆ ಸರಾಸರಿ 7 ಲೀಟರ್ ಹಿಡಿದರೆ 2,100 ಲೀಟರ್. ಬರೀ ಪ್ರೋತ್ಸಾಹಧನವೇ 10,500 ರೂಪಾಯಿ, ಹಾಲಿನ ಹಣ ಬೇರೆ, ಕರು ಬೇರೆ. ಮಾರಿದರೆ ಮತ್ತೆ ಅಂಥದ್ದನ್ನು 52,000ಕ್ಕೆ ಯಾರೂ ಕೊಡುವುದಿಲ್ಲ. ಇನ್ನು ಸಾಲ. ನಮ್ಮ ಸ್ತ್ರೀಶಕ್ತಿ ಗುಂಪಿನಲ್ಲಿ 40,000 ತೆಗೆದು ತಿಂಗಳಿಗೆ 4,000 ಅಸಲು ಕಟ್ಟುತ್ತ ಹೋದರೆ, ನೂರಕ್ಕೆ ಒಂದರಂತೆ ಹತ್ತು ತಿಂಗಳ ಬಡ್ಡಿ ಒಟ್ಟು 2,200. ಊರಲ್ಲಿ ಕೈಸಾಲ ನೂರಕ್ಕೆ ಮೂರು, ಅಲ್ಲಿ 6,600. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬುದು ಹಾಳೆಯ ಮೇಲೆಯೇ ಕಂಡಿತು. ಬಾಯಿಮಾತಿನಲ್ಲಿ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬರೆದು ತೋರಿಸಿದ್ದರಿಂದ ಕೇಳಿದರು.

ಹಣ ಹೊಂದಿಸಿದ್ದು ಹೀಗೆ. ಗುಂಪಿನ ಸಾಲ 40,000. ಗೃಹಲಕ್ಷ್ಮಿಯ 11 ಕಂತು ಮುಟ್ಟದೆ ಬಿಟ್ಟಿದ್ದೆ, 22,000. ತೊಲೆಗಳ ಕೊಳೆತ ತುದಿ ಕೊಯ್ದು ಉಳಿದ ಸಾಗವಾನಿ ಮಾರಿದ್ದು 23,000. ಇಲ್ಲಿ ಒಂದು ಜಗಳವೂ ಆಯಿತು. ಹಳೆಯ ಮರ ತಮ್ಮದೇ, ಬಿಚ್ಚಿದವರಿಗೆ ಹೋಗುವುದು ರೂಢಿ ಎಂದು ಮೇಸ್ತ್ರಿ ವಾದ ತೆಗೆದರು. ಕರಾರಿನಲ್ಲಿ ಬರೆದಿರಲಿಲ್ಲ. ಎರಡು ದಿನ ಕೆಲಸ ನಿಂತಿತು. ಊರ ಹಿರಿಯರು ಕೂತು ಬಗೆಹರಿಸಿದರು. ಕೆಲಸ ಕೊಡುವಾಗ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿ: ಕಿತ್ತ ಮರ, ಕಲ್ಲು ಯಾರದು, ಮಣ್ಣು ಸಾಗಿಸುವುದು ಯಾರು, ಒಳಗೆ ಏನಾದರೂ ಹೊಸದು ಕಂಡರೆ ಕೆಲಸ ನಿಲ್ಲಿಸಿ ದರ ಮಾತಾಡಿದ ಮೇಲೆಯೇ ಮುಂದುವರಿಯಬೇಕು. ಹಣ ಹಂತಹಂತವಾಗಿ ಕೊಡಿ, ಹತ್ತನೇ ಒಂದು ಪಾಲನ್ನು ಒಂದು ಮಳೆ ಬಂದು ಹೋಗುವವರೆಗೆ ಹಿಡಿದುಕೊಳ್ಳಿ.

ಇಷ್ಟಾದರೂ 26,000 ಕಡಿಮೆ ಬಿತ್ತು. ಅಂದಾಜಿನಲ್ಲಿದ್ದ ಅಡುಗೆಮನೆಯ ನೆಲದ ಪರ್ಸಿ, ಮನೆಗೆಲ್ಲ ಬಣ್ಣ, ಹೊಸ ಬಾಗಿಲು ಬಿಟ್ಟೆವು. ಮಾಳಿಗೆ, ಗೋಡೆ, ಕರೆಂಟು ಕಾಯುವ ಕೆಲಸವಲ್ಲ. ಬಣ್ಣ ಕಾಯುತ್ತದೆ. ನಿಮಗೂ ಈ ಹೊತ್ತು ಬಂದರೆ ಮೊದಲು ಇಂಥ ಕೆಲಸಗಳನ್ನು ಪಟ್ಟಿಯಿಂದ ತೆಗೆಯಿರಿ. ಪಶುಸಂಗೋಪನೆಗೆ ಕೊಡುವ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲವನ್ನು ಮನೆಗೆ ಹಾಕಲು ಹೋಗಬೇಡಿ. ಸಕಾಲಕ್ಕೆ ಕಟ್ಟಿದರೆ ಶೇ 4ರ ಬಡ್ಡಿ ಎಂಬ ಆಸೆ ಇರುತ್ತದೆ, ಆದರೆ ಅದು ಹಿಂಡಿ, ಮೇವು, ಔಷಧದ ದುಡ್ಡು. ಗೋಡೆಗೆ ಹಾಕಿದ ದುಡ್ಡು ಹಾಲಾಗಿ ತಿರುಗಿ ಬರುವುದಿಲ್ಲ.

ಕಾಗದಪತ್ರ

ಮನೆ ನಿಮ್ಮ ಮಾವನ ಹೆಸರಿನಲ್ಲೇ ಇದ್ದರೆ, ಕೆಲಸ ಶುರು ಮಾಡುವ ಮುಂಚೆ ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11 ಯಾರ ಹೆಸರಿನಲ್ಲಿ ಇದೆ ನೋಡಿ. ಬ್ಯಾಂಕಿನವರು ಸಾಲಕ್ಕೆ ಮೊದಲು ಕೇಳುವುದು ಅದನ್ನೇ. ಹೆಸರು ಬದಲಿಸುವಾಗ ಗಂಡ-ಹೆಂಡತಿ ಇಬ್ಬರ ಹೆಸರೂ ಬರುವಂತೆ ಕೇಳಿ. ನಿಮ್ಮ ಹಾಲಿನ ದುಡ್ಡೂ ಅದರಲ್ಲಿದೆ.

ಸರಕಾರದ ಮನೆ ಬರುತ್ತದೆ, ಅದರಲ್ಲೇ ದುರಸ್ತಿ ಮಾಡಿದರಾಯಿತು ಎಂದು ಕಾಯುವವರಿದ್ದಾರೆ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ನಮ್ಮಂಥ ಬಯಲುಸೀಮೆಗೆ ಕೊಡುವ 1,20,000 ರೂಪಾಯಿ, ಪಟ್ಟಿಯಲ್ಲಿ ಹೆಸರಿದ್ದವರು ಹೊಸ ಪಕ್ಕಾ ಮನೆ ಕಟ್ಟಲಿಕ್ಕೆ, ಅದೂ ಕೆಲಸ ಆದ ಹಾಗೆ ಕಂತಿನಲ್ಲಿ. ಹಳೆಯ ಮಾಳಿಗೆಯ ದುರಸ್ತಿಗಲ್ಲ. ಮಳೆಗೆ ಗೋಡೆ ಬಿದ್ದರೆ ಮಾತ್ರ ಕಲ್ಲು ಎತ್ತುವ ಮುಂಚೆ ಫೋಟೊ ತೆಗೆದು, ಅದೇ ದಿನ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ದನ ಸತ್ತಿದ್ದರೆ ಪಶುವೈದ್ಯರಿಗೂ ತಿಳಿಸಿ. ಎಲ್ಲ ಬಳಿದು ಚೊಕ್ಕಟ ಮಾಡಿದ ಮೇಲೆ ಹೋದರೆ ತೋರಿಸಲು ಏನೂ ಇರುವುದಿಲ್ಲ.

ಬೆಲೆಗಳು ನನ್ನ ಪುಸ್ತಕದಲ್ಲಿ ಇದ್ದ ಹಾಗೇ ನಿಮಗೆ ಇರಲಾರವು. ನಾವು ಕಟ್ಟಿದಾಗ ಸಿಮೆಂಟಿಗೆ ಶೇ 28 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 18 ಆಗಿದೆ. ಕೂಲಿ ಏರಿದೆ. ಆದರೂ ಹಳೆಯ ಮನೆಗೆ ಕೈ ಹಾಕುವವರು ಮೇಸ್ತ್ರಿ ಹೇಳಿದ ಅಂದಾಜಿನ ಜೊತೆಗೆ ಅದರ ಮೂರನೇ ಒಂದು ಭಾಗವನ್ನಾದರೂ ಮುಟ್ಟದೆ ಇಟ್ಟುಕೊಂಡಿರಬೇಕು ಎಂಬುದು ನನ್ನ ಅಭಿಪ್ರಾಯ. ಅಷ್ಟು ಇಲ್ಲದಿದ್ದರೆ ಒಂದೇ ಅಂಕಣ ಬಿಚ್ಚಿ, ಮುಗಿಸಿ, ಮುಂದಿನ ವರ್ಷ ಇನ್ನೊಂದು ಅಂಕಣ. ನಾವು ಎರಡನ್ನೂ ಒಟ್ಟಿಗೆ ಬಿಚ್ಚಿದ್ದೇ ದೊಡ್ಡ ತಪ್ಪು.

ನಮ್ಮ ಆ ಹಸು ಸೆಪ್ಟೆಂಬರಿನಲ್ಲಿ ಹೆಣ್ಣು ಕರು ಹಾಕಿತು. ಹಿತ್ತಲಿನ ಕೊಟ್ಟಿಗೆ ಹಾಗೇ ಉಳಿಯಿತು, ದನ ಮತ್ತೆ ಮನೆಯೊಳಗೆ ಬರಲಿಲ್ಲ. ದನದ ಅಂಕಣದಲ್ಲಿ ಈಗ ಹಿಂಡಿ ಚೀಲ, ಹಾಲಿನ ಕ್ಯಾನು ಇಡುತ್ತೇವೆ. ಗುಂಪಿನ ಸಾಲದ ಕೊನೆಯ ಕಂತು ಹೋದ ತಿಂಗಳ ಬಟವಾಡೆಯಲ್ಲಿ ಕಟ್ಟಿದೆ. ಅಡುಗೆಮನೆಯ ನೆಲ ಇನ್ನೂ ಮಣ್ಣಿನದೇ. ಶುಕ್ರವಾರಕ್ಕೊಮ್ಮೆ ಅತ್ತೆ ಸಗಣಿ ಹಾಕಿ ಸಾರಿಸುತ್ತಾರೆ. ಪರ್ಸಿ ಹಾಕಿಸೋಣ ಎಂದರೆ, ಅದರ ಕೆಳಗೂ ಇನ್ನೊಂದು ಹಗೇವು ಇದೆ ಎನ್ನುತ್ತಾರೆ. ನಿಜವೋ ತಮಾಷೆಯೋ ಇನ್ನೂ ಗೊತ್ತಾಗಿಲ್ಲ. ಈ ಸಲ ಮಾತ್ರ ಗುದ್ದಲಿ ಹಾಕುವ ಮುಂಚೆ ಒನಕೆಯಿಂದ ಕುಟ್ಟಿ ನೋಡುತ್ತೇನೆ.